ಫಾಗ್ ಲೈಟ್ ಆಯ್ಕೆ: ಬೆಳಕು ಎಲ್ಲಿ ಬೀಳಬಾರದು?

ಕಾರಿನ ಮುಂದಿನ ಬಂಪರಿನಲ್ಲಿ, ಹೆಡ್‌ಲೈಟಿಗಿಂತ ತಗ್ಗಿನಲ್ಲಿ ಕೂರುವ, ಮಂಜಿಗೆಂದೇ ಇರುವ ಜೋಡಿ ದೀಪಗಳೇ ಫಾಗ್ ಲೈಟು. ಅವುಗಳ ಬೆಳಕು ಅಗಲವಾಗಿ, ಚಪ್ಪಟೆಯಾಗಿ, ಟಾರಿಗೆ ಅಂಟಿಕೊಂಡಂತೆ ಹರಡುತ್ತದೆ. ಒಂದು ಗೆರೆಯ ಮೇಲಕ್ಕೆ ಏಳುವುದಿಲ್ಲ. ದೂರವನ್ನು ತೋರಿಸುವುದು ಅವುಗಳ ಕೆಲಸವಲ್ಲ. ಮುಂದಿನ ಇಪ್ಪತ್ತು ಇಪ್ಪತ್ತೈದು ಮೀಟರಿನ ನೆಲ, ರಸ್ತೆಯಂಚಿನ ಬಿಳಿ ಗೆರೆ, ಮೀಡಿಯನ್ನಿನ ಕಲ್ಲು, ಎಡಬದಿಯ ಚರಂಡಿ ಇಷ್ಟು ಕಂಡರೆ ಅವುಗಳ ಹೊಣೆ ತೀರಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಾಗಲಿ, ವೈಟ್‌ಫೀಲ್ಡಿನ ಆಕ್ಸೆಸರಿ ಮಳಿಗೆಗಳಲ್ಲಾಗಲಿ ಗಿರಾಕಿಗಳು ಸಾಮಾನ್ಯವಾಗಿ ಮೊದಲು ಕೇಳುವುದು ‘ಎಷ್ಟು ವಾಟ್?’, ಆಮೇಲೆ ‘ಹಳದಿಯೋ ಬಿಳಿಯೋ?’. ಫಾಗ್ ಲೈಟಿನ ಮಟ್ಟಿಗೆ ಇವೆರಡೂ ಕೊನೆಗೆ ಕೇಳಬೇಕಾದ ಪ್ರಶ್ನೆಗಳು. ಬೆಳಕು ಎಲ್ಲಿ ಬೀಳುತ್ತದೆ, ಅದಕ್ಕೂ ಮುಖ್ಯವಾಗಿ ಎಲ್ಲಿ ಬೀಳುವುದಿಲ್ಲ ಎಂಬುದರ ಮೇಲೆ ದೀಪದ ಯೋಗ್ಯತೆ ತೀರ್ಮಾನವಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹಿಂಗಾರು ಮುಗಿದು ನೆಲದ ಪಸೆ ಇನ್ನೂ ಆರದಿರುವ ಡಿಸೆಂಬರ್, ಜನವರಿಯಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿಗಳು ಬರುತ್ತವೆ. ಹಗಲಿಡೀ ಹೀರಿಕೊಂಡ ಶಾಖವನ್ನು ನೆಲ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರಲ್ಲಿದ್ದ ನೀರಾವಿ ದೂಳಿನ ಕಣಗಳ ಸುತ್ತ ಹನಿಗಟ್ಟಿ ಮಂಜಾಗುತ್ತದೆ. ನಸುಕಿನ ನಾಲ್ಕೈದು ಗಂಟೆಯಿಂದ ಬಿಸಿಲೇರುವವರೆಗೆ ಈ ಮಂಜಿನ ಕಾಲ. ನಗರದ ನಡುವೆ ಕಟ್ಟಡಗಳ ಬಿಸುಪಿನಿಂದ ಮಂಜು ತೆಳುವಾಗಿರುತ್ತದೆ. ಹೊಲ, ಕೆರೆ, ಖಾಲಿ ಬಯಲು ಇನ್ನೂ ಉಳಿದಿರುವ ಹೊರವಲಯದಲ್ಲಿ ಹಾಗಲ್ಲ. ವೈಟ್‌ಫೀಲ್ಡಿನ ಪಕ್ಕದ ವರ್ತೂರು ಕೆರೆಯ ದಂಡೆ, ಹೊಸಕೋಟೆ ಕಡೆಯ ಬಯಲು, ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್, ಅತ್ತಿಬೆಲೆಗೆ ಹೋಗುವ ದಾರಿ, ಪೀಣ್ಯ ದಾಟಿದ ಮೇಲೆ ನೆಲಮಂಗಲ, ದಾಬಸ್‌ಪೇಟೆಯ ಕಡೆಗಿನ ತುಮಕೂರು ರಸ್ತೆ, ತುಮಕೂರು ರಸ್ತೆಯನ್ನೂ ಹೊಸೂರು ರಸ್ತೆಯನ್ನೂ ಬೆಸೆಯುವ ನೈಸ್ ರಸ್ತೆ ಇವೆಲ್ಲ ಮಂಜು ಕೂರಲು ಹೇಳಿ ಮಾಡಿಸಿದ ಜಾಗಗಳು. ಅದೂ ಒಂದೇ ಹದದಲ್ಲಿ ಕೂರುವುದಿಲ್ಲ. ತಗ್ಗಿನಲ್ಲಿ ದಟ್ಟ, ದಿಣ್ಣೆಯಲ್ಲಿ ತಿಳಿ, ಕೆರೆ ಏರಿ ಬಂದಾಗ ಮತ್ತೆ ದಟ್ಟ. ಚಾಲಕರಿಗೆ ಅಪಾಯ ಹೆಚ್ಚಿರುವುದು ಹೀಗೆ ಹಠಾತ್ತನೆ ಎದುರಾಗುವ ಮಂಜಿನಲ್ಲೇ.

ಮಂಜಿನ ಈ ಹೊತ್ತಿಗೂ ಈ ಪ್ರದೇಶದ ದುಡಿಮೆಯ ಗಡಿಯಾರಕ್ಕೂ ಸರಿಯಾಗಿ ತಾಳೆಯಾಗುತ್ತದೆ. ಐಟಿ ಕಂಪನಿಗಳ ರಾತ್ರಿಪಾಳಿ ಮುಗಿಸಿದವರನ್ನು ಮನೆಗೆ ಬಿಡುವ ಹಳದಿ ಬೋರ್ಡಿನ ಕ್ಯಾಬುಗಳು, ಪೀಣ್ಯದ ಕಾರ್ಖಾನೆಗಳ ಬೆಳಗಿನ ಪಾಳಿಗೆ ಜನರನ್ನು ತರುವ ಬಸ್ಸುಗಳು, ಹೊಸೂರು ರಸ್ತೆಯ ಲಾರಿಗಳು ಎಲ್ಲವೂ ಮಂಜು ದಟ್ಟವಾಗಿರುವ ಗಳಿಗೆಯಲ್ಲೇ ರಸ್ತೆಯಲ್ಲಿರುತ್ತವೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇದೇ ಹೊತ್ತಿನಲ್ಲಿ ವಿಮಾನಗಳು ತಡವಾಗುವುದು ಪ್ರತಿ ಚಳಿಗಾಲದ ಸುದ್ದಿ. ಅಲ್ಲಿನ ಎರಡನೇ ರನ್‌ವೇಗೆ 2020ರ ಕೊನೆಯಲ್ಲಿ ಮಂಜಿನಲ್ಲಿ ಇಳಿಯಲು ನೆರವಾಗುವ ಕೆಟಗರಿ 3-ಬಿ ವ್ಯವಸ್ಥೆ ಬಂದ ಮೇಲೆ 50 ಮೀಟರ್ ಮಾತ್ರ ಕಾಣುವಾಗಲೂ ವಿಮಾನ ಇಳಿಸಲು ಸಾಧ್ಯವಾಗಿದೆ. ಆ ವಿಮಾನ ಹತ್ತಲು ಹೊರಟ ಕಾರಿಗೆ ಅಂಥ ಉಪಕರಣದ ನೆರವಿಲ್ಲ.

ಕಾಣುವ ದೂರ ಒಂದು ಕಿಲೋಮೀಟರಿಗಿಂತ ಕಡಿಮೆಯಾದಾಗ ಅದನ್ನು ಮಂಜು ಎಂದು ಹವಾಮಾನ ಇಲಾಖೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 500 ಮೀಟರಿನವರೆಗೆ ತೆಳು ಮಂಜು, 200ರವರೆಗೆ ಸಾಧಾರಣ, 50ರವರೆಗೆ ದಟ್ಟ, ಅದಕ್ಕೂ ಕಡಿಮೆಯಾದರೆ ಅತಿ ದಟ್ಟ. ಫಾಗ್ ಲೈಟಿನ ಉಪಯೋಗ ನಿಜವಾಗಿ ಗೊತ್ತಾಗುವುದು ಕೊನೆಯ ಎರಡು ವರ್ಗಗಳಲ್ಲಿ. ಅರ್ಧ ಕಿಲೋಮೀಟರ್ ಕಾಣುವ ಮುಂಜಾವಿನಲ್ಲಿ ಡಿಮ್ ಮಾಡಿದ ಹೆಡ್‌ಲೈಟೇ ಸಾಕು. ಬೆಂಗಳೂರಿನ ಹೊರವಲಯದಲ್ಲಿ ದಟ್ಟ ಮಂಜಿನ ಬೆಳಗುಗಳು ಉತ್ತರ ಭಾರತದ ಬಯಲಿನಷ್ಟು ಇಲ್ಲ ಎಂಬುದನ್ನೂ ದುಡ್ಡು ಬಿಚ್ಚುವ ಮುನ್ನ ನೆನಪಿಡಬೇಕು.

ನೆಲದ ಹತ್ತಿರದ ಗಾಳಿಯ ವಿಷಯದಲ್ಲಿ ಬೆಂಗಳೂರಿಗೆ ವಿಜ್ಞಾನದ ಇತಿಹಾಸದಲ್ಲೂ ಒಂದು ಪಾಲಿದೆ. ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡಿದ್ದ ಹವಾಮಾನ ವಿಜ್ಞಾನಿ ಎಲ್.ಎ. ರಾಮದಾಸ್ 1932ರಲ್ಲಿ ಒಂದು ವಿಚಿತ್ರವನ್ನು ಅಳೆದು ತೋರಿಸಿದರು. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ಅತಿ ತಣ್ಣಗಿರುವುದು ನೆಲವಲ್ಲ, ನೆಲದಿಂದ ಗೇಣು ಮೊಳದಷ್ಟು ಮೇಲಿರುವ ಗಾಳಿಯ ಪದರ. ಪುಸ್ತಕದ ಭೌತಶಾಸ್ತ್ರಕ್ಕೆ ಇದು ಒಗ್ಗದ್ದರಿಂದ ಬಹಳ ಕಾಲ ಅನುಮಾನದಿಂದಲೇ ನೋಡಲಾಯಿತು. ಬೆಂಗಳೂರಿನಲ್ಲಿ ರೊದ್ದಂ ನರಸಿಂಹ ಮತ್ತು ಸಂಗಡಿಗರು 1993ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟರು. ಆ ಬಳಿಕ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನೆಲದ ಹತ್ತಿರ ತೇಲುವ ದೂಳಿನ ಕಣಗಳಿಗೆ ಇದರಲ್ಲಿ ದೊಡ್ಡ ಪಾತ್ರವಿದೆ ಎಂದು ತೋರಿಸಿ, ವಿಮಾನ ನಿಲ್ದಾಣದ ಜೊತೆಗೂಡಿ ಮಂಜಿನ ಅಧ್ಯಯನಕ್ಕೂ ಕೈಹಾಕಿದರು. ಕಾರಿನವರಿಗೆ ಇದರಿಂದ ಸಿಗುವ ತಿಳಿವಳಿಕೆ ಒಂದೇ: ‘ಮಂಜು ನೆಲದಿಂದ ಒಂದಡಿ ಮೇಲೆ ತೇಲುತ್ತದೆ, ಕೆಳಗೆ ಖಾಲಿ ಜಾಗ ಇರುತ್ತದೆ, ಫಾಗ್ ಲೈಟು ಅದರಡಿ ನುಸುಳುತ್ತದೆ’ ಎಂದು ಅಂಗಡಿಯವರು ಹೇಳುವ ಕಥೆಯನ್ನು ನಂಬಬೇಕಾಗಿಲ್ಲ. ಅತಿ ತಣ್ಣನೆಯ ಪದರವೇ ನೆಲಕ್ಕೆ ಇಷ್ಟು ಹತ್ತಿರವಿರುವುದರಿಂದ ಮಂಜು ಹುಟ್ಟುವುದೇ ನೆಲದ ಮಗ್ಗುಲಲ್ಲಿ. ದೀಪವನ್ನು ತಗ್ಗಿನಲ್ಲಿ ಇಡುವುದಕ್ಕೆ ಕಾರಣ ಬೇರೆ.

ಆ ಕಾರಣ ಹನಿಗಳಲ್ಲಿದೆ. ಮಂಜಿನ ಹನಿ ಹೆಚ್ಚಾಗಿ ಹತ್ತಿಪ್ಪತ್ತು ಮೈಕ್ರಾನ್ ಗಾತ್ರದ್ದು, ಎಂದರೆ ಮಿಲಿಮೀಟರಿನ ನೂರನೇ ಒಂದು ಅಥವಾ ಎರಡು ಭಾಗ. ಒಂದೊಂದು ಹನಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುತ್ತದೆ. ಹೆಚ್ಚಿನ ಪಾಲು ಮುಂದಕ್ಕೇ ಹೋದರೂ ಒಂದಂಶ ಹಿಂದಕ್ಕೆ, ಚಾಲಕನ ಕಣ್ಣಿಗೆ ಮರಳುತ್ತದೆ. ಹೈ ಬೀಮ್ ಹಾಕಿದಾಗ ಚಾಲಕನ ದೃಷ್ಟಿಯೂ ದೀಪದ ಬೆಳಕೂ ಒಂದೇ ದಾರಿಯಲ್ಲಿ ಹೋಗುತ್ತವೆ. ಆ ದಾರಿಯ ಉದ್ದಕ್ಕೂ ಇರುವ ಹನಿಗಳೆಲ್ಲ ಬೆಳಗಿ, ಸೌದೆ ಒಲೆಯ ಹೊಗೆಗೆ ಟಾರ್ಚ್ ಬಿಟ್ಟ ಹಾಗೆ, ಕಣ್ಣೆದುರು ಬೆಳ್ಳಗಿನ ಗೋಡೆ ಏಳುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಗೋಡೆ ಹೆಚ್ಚು ಬೆಳ್ಳಗಾಗುತ್ತದೆ. ಇದರಿಂದ ಪಾರಾಗಲು ಇರುವ ಉಪಾಯ ಒಂದೇ, ದೃಷ್ಟಿಯ ದಾರಿಯಲ್ಲಿರುವ ಹನಿಗಳ ಮೇಲೆ ಬೆಳಕು ಬೀಳದಂತೆ ನೋಡಿಕೊಳ್ಳುವುದು. ಚಾಲಕನ ಕಣ್ಣು ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿದ್ದರೆ ಫಾಗ್ ಲೈಟು ಅದಕ್ಕೂ ಬಹಳ ಕೆಳಗೆ, ಬಂಪರಿನಲ್ಲಿ. ಬೆಳಕು ಅಲ್ಲಿಂದ ಹೊರಟು ಇನ್ನೂ ಕೆಳಗೇ ಸಾಗುವುದರಿಂದ ಬೆಳಗಿದ ಹನಿಗಳ ಪದರವನ್ನು ದೃಷ್ಟಿ ಕೊನೆಯ ಸ್ವಲ್ಪ ದೂರದಲ್ಲಿ ಮಾತ್ರ ದಾಟಬೇಕಾಗುತ್ತದೆ. ಕಣ್ಣಿಗೂ ದೀಪಕ್ಕೂ ನಡುವಿನ ಅಂತರ ಹೆಚ್ಚಿದಷ್ಟೂ ಲಾಭ. ಕಾರಿನ ಛಾವಣಿಯ ಮೇಲೆ ಎಲ್‌ಇಡಿ ಬಾರ್ ಲೈಟ್ ಕೂರಿಸಿಕೊಂಡವರು ಈ ಲೆಕ್ಕವನ್ನು ತಲೆಕೆಳಗು ಮಾಡಿರುತ್ತಾರೆ. ಮಂಜಿನಲ್ಲಿ ಅವರಿಗೆ ಕಾಣುವುದು ತಮ್ಮದೇ ಬೆಳಕು.

ಆದ್ದರಿಂದ ದೀಪ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಬೆಳಕಿನ ಮೇಲಂಚು. ಅಂಗಡಿಯವರು ಇದನ್ನು ಕಟ್-ಆಫ್ ಎನ್ನುತ್ತಾರೆ. ಒಳ್ಳೆಯ ಫಾಗ್ ಲೈಟನ್ನು ಗೋಡೆಯೆದುರು ಹಚ್ಚಿದರೆ ಸ್ಕೇಲಿಟ್ಟು ಎಳೆದಂಥ ಅಡ್ಡಗೆರೆ ಕಾಣುತ್ತದೆ: ಗೆರೆಯ ಕೆಳಗೆ ಸಮನಾದ ಬೆಳಕು, ಮೇಲೆ ಕತ್ತಲು. ಗೆರೆ ಮಸುಕಾಗಿದ್ದರೆ, ನಡುವೆ ಉರುಟಾದ ಪ್ರಖರ ಚುಕ್ಕೆಯಿದ್ದರೆ, ಮೇಲಕ್ಕೆ ಬೆಳಕಿನ ಎಸಳುಗಳು ಚಾಚಿದ್ದರೆ ಅದು ಫಾಗ್ ಲೈಟಿನ ಆಕಾರ ತೊಟ್ಟ, ದೂರಕ್ಕೆ ಬೆಳಕು ಬೀರುವ ಡ್ರೈವಿಂಗ್ ಲೈಟು. ಎರಡನೆಯದು ಅಗಲ. ಹೆಡ್‌ಲೈಟ್ ತಲುಪದ ಎರಡೂ ಪಕ್ಕದ ಅಂಚುಗಳನ್ನು ಅದು ಮುಟ್ಟಬೇಕು. ಬೀದಿದೀಪ ಕೆಟ್ಟಿರುವ ಸರ್ವಿಸ್ ರಸ್ತೆಯಲ್ಲಿ, ಗುರುತಿಲ್ಲದ ತಿರುವಿನಲ್ಲಿ ಉಪಕಾರಕ್ಕೆ ಬರುವುದು ಇದೇ. ದೀಪದ ಗಾಜಿನ ಮೇಲೆ ಅಚ್ಚಾದ ಗುರುತುಗಳನ್ನು ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ. ವಿಶ್ವಸಂಸ್ಥೆಯ ವಾಹನ ನಿಯಮ 19ರ ಪ್ರಕಾರ ಪರೀಕ್ಷೆಯಾದ ಮುಂಬದಿಯ ಫಾಗ್ ಲೈಟಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ, ಜೊತೆಗೆ ಹಳೆಯ ವರ್ಗವಾದರೆ ‘ಬಿ’, ಹೊಸದಾದರೆ ‘ಎಫ್3’ ಎಂಬ ಗುರುತು ಇಂಗ್ಲಿಷ್ ಲಿಪಿಯಲ್ಲಿರುತ್ತದೆ. ಕಾರಿನ ಕಂಪನಿಯದೇ ದೀಪವಾದರೆ ಈ ತಲೆನೋವು ಇಲ್ಲ. ಹೆಸರಿಲ್ಲದ ಡಬ್ಬಿಯದಾದರೆ ಗುರುತನ್ನು ಹುಡುಕಲೇಬೇಕು. ನಕಲಿ ಗುರುತೂ ಇರಬಹುದಾದ್ದರಿಂದ ಗೋಡೆಯ ಪರೀಕ್ಷೆಯನ್ನೂ ಬಿಡಬಾರದು.

ಬಣ್ಣದ ಪ್ರಶ್ನೆಗೆ ಇಲ್ಲಿ ಬಂದರೆ ಸರಿ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬುದು ಗ್ಯಾರೇಜುಗಳಲ್ಲಿ ಪ್ರಶ್ನೆಯೇ ಇಲ್ಲದ ಸತ್ಯ. ಹಗಲಿನ ಆಕಾಶ ನೀಲಿಯಾಗಿ ಕಾಣುವುದಕ್ಕೆ ಕಾರಣವಾದ ಚೆದರಿಕೆಯನ್ನೇ ಇಲ್ಲಿಗೂ ಅನ್ವಯಿಸುವುದರಿಂದ ಈ ನಂಬಿಕೆ ಹುಟ್ಟಿದೆ. ಗಾಳಿಯ ಅಣುಗಳು ಬೆಳಕಿನ ಅಲೆಗಿಂತ ಎಷ್ಟೋ ಸಣ್ಣವು, ಹಾಗಾಗಿ ಅವು ನೀಲಿಯನ್ನು ಹೆಚ್ಚಾಗಿ ಚೆದರಿಸುತ್ತವೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಇಪ್ಪತ್ತು ಮೂವತ್ತು ಪಟ್ಟು ದೊಡ್ಡದು. ಅದಕ್ಕೆ ಹಳದಿ, ನೀಲಿ ಎಂಬ ಭೇದವಿಲ್ಲ, ಎಲ್ಲವನ್ನೂ ಹೆಚ್ಚುಕಡಿಮೆ ಸಮನಾಗಿ ಚೆದರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಫ್ರಾನ್ಸಿನಲ್ಲಿ 1930ರ ದಶಕದ ಕೊನೆಯಿಂದ 1993ರವರೆಗೆ ಹೆಡ್‌ಲೈಟುಗಳೇ ಹಳದಿಯಾಗಿರಬೇಕೆಂಬ ನಿಯಮವಿತ್ತು. ಯುರೋಪಿನ ಉಳಿದ ಬಹುಪಾಲು ದೇಶಗಳು ಬಿಳಿಯಲ್ಲೇ ಓಡಾಡಿದವು.

ಹಾಗೆಂದು ಹಳದಿಯನ್ನು ತಳ್ಳಿಹಾಕಲೂ ಆಗದು. ನೀಲಿ, ನೇರಳೆಯ ಅಂಶ ಕಡಿಮೆಯಾದಾಗ ಅಷ್ಟೇ ಬೆಳಕಿನಲ್ಲೂ ಕಣ್ಣಿಗೆ ಚುಚ್ಚುವುದು ಕಡಿಮೆ. ಒದ್ದೆ ಟಾರಿನ ಮೇಲಿನ ಹೊಳಪೂ ಅಷ್ಟು ಕಾಡುವುದಿಲ್ಲ ಎಂದು ಅನೇಕ ಚಾಲಕರು ಹೇಳುತ್ತಾರೆ. ನಿಯಮವೂ ಬಿಳಿ ಮತ್ತು ಸೆಲೆಕ್ಟಿವ್ ಹಳದಿ ಎರಡಕ್ಕೂ ಅವಕಾಶ ಕೊಟ್ಟಿದೆ. ತಪ್ಪಿಸಬೇಕಾದದ್ದು ಇನ್ನೊಂದು ತುದಿಯನ್ನು. ಬಣ್ಣದ ತಾಪವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: ಹಳದಿ ಬಲ್ಬು 3000 ಕೆಲ್ವಿನ್ನಿನ ಆಸುಪಾಸು, ನಸುಬಿಳಿ 4300, ಅಂಗಡಿಗಳಲ್ಲಿ ತೂಗಾಡುವ ‘ಸೂಪರ್ ವೈಟ್’ 6000, ಅದಕ್ಕೂ ಮೇಲೆ ಹೋದರೆ ನೀಲಿ. ನೋಡಲು ಹೊಸದೆನಿಸುವ ಈ ನೀಲಿ ಬಿಳುಪು ಮಂಜಿನಲ್ಲೂ ಮಳೆಯಲ್ಲೂ ಕಣ್ಣನ್ನು ದಣಿಸುತ್ತದೆ, ಎದುರಿನವರ ಕಣ್ಣನ್ನೂ ಕುಕ್ಕುತ್ತದೆ.

ಬಲ್ಬಿನ ವಿಷಯದಲ್ಲಿ ಹ್ಯಾಲೋಜನ್ ಹಳೆಯ ಆಳು. ಫಾಗ್ ಲೈಟುಗಳಲ್ಲಿ ಹೆಚ್ಚಾಗಿ ಕಾಣುವ ಎಚ್11 ಬಲ್ಬು 55 ವಾಟಿನದು, ಸುಮಾರು 1350 ಲ್ಯೂಮೆನ್ ಬೆಳಕು ಕೊಡುತ್ತದೆ. ಅದೇ ಮನೆತನದ ಎಚ್8 35 ವಾಟಿನದು, 800 ಲ್ಯೂಮೆನ್. ಎಚ್16 ಬರೀ 19 ವಾಟ್, 500 ಲ್ಯೂಮೆನ್. ಈ ಸಣ್ಣ ಬಲ್ಬನ್ನು ನೋಡಿ ಕಂಪನಿ ಮೋಸ ಮಾಡಿದೆ ಎಂದುಕೊಳ್ಳುವವರಿದ್ದಾರೆ. ಮೂರರ ಬುಡವೂ ನೋಡಲು ಒಂದೇ ಥರ, ಕಿವಿಗಳ ಅಳತೆ ಮಾತ್ರ ಬೇರೆ. ಆ ಕಿವಿಯನ್ನು ಅರದಿಂದ ಉಜ್ಜಿ 19 ವಾಟಿನ ಜಾಗದಲ್ಲಿ 55 ವಾಟಿನದನ್ನು ಕೂರಿಸುವುದು ಗ್ಯಾರೇಜುಗಳ ಹಳೆಯ ಕೈಚಳಕ. ಸಣ್ಣ ಬಲ್ಬಿನ ಬಿಸಿಗೆ ತಕ್ಕಂತೆ ಮಾಡಿದ ಪ್ಲಾಸ್ಟಿಕ್ ಗೂಡು ಆಮೇಲೆ ಮೆತ್ತಗಾಗುತ್ತದೆ, ಒಳಗಿನ ಕನ್ನಡಿಯಂಥ ಲೇಪ ಸುಟ್ಟು ಕಂದುತ್ತದೆ, ಬೆಳಕು ಮೊದಲಿಗಿಂತ ಕಡಿಮೆಯಾಗುತ್ತದೆ.

ಎಲ್‌ಇಡಿಯಲ್ಲಿ ಎರಡು ಬಗೆ, ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಅರ್ಧ ಅವಾಂತರ. ಮೊದಲನೆಯದು ಇಡೀ ದೀಪವನ್ನೇ ಎಲ್‌ಇಡಿಗಾಗಿ ರೂಪಿಸಿದ್ದು: ಮಸೂರ, ಗೂಡು, ಶಾಖ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆ ಎಲ್ಲವೂ ಒಂದೇ ಲೆಕ್ಕದಲ್ಲಿ ಕೂಡಿಬಂದಿರುತ್ತವೆ. ಇಂಥವು ಕಡಿಮೆ ವಿದ್ಯುತ್ತಿನಲ್ಲಿ ಸ್ವಚ್ಛವಾದ ಕಟ್-ಆಫ್ ಕೊಡುತ್ತವೆ, ಬಹುಕಾಲ ಬಾಳುತ್ತವೆ. ಎರಡನೆಯದು ಹ್ಯಾಲೋಜನ್ ಬಲ್ಬು ತೆಗೆದು ಅದೇ ಗೂಡಿಗೆ ತುರುಕುವ ಎಲ್‌ಇಡಿ ಬಲ್ಬು. ಹ್ಯಾಲೋಜನ್ ದೀಪದ ಹಿಂದಿನ ಪ್ರತಿಫಲಕವನ್ನು ಒಂದು ಸಣ್ಣ ತಂತಿ, ಒಂದು ನಿಶ್ಚಿತ ಬಿಂದುವಿನಲ್ಲಿ, ಸುತ್ತಲೂ ಸಮನಾಗಿ ಬೆಳಗುತ್ತದೆ ಎಂದು ಎಣಿಸಿ ಕೊರೆದಿರುತ್ತಾರೆ. ಎಲ್‌ಇಡಿ ಚಿಪ್ಪುಗಳು ಚಪ್ಪಟೆ ಪಟ್ಟಿಯ ಎರಡು ಮಗ್ಗುಲಲ್ಲಿ ಅಂಟಿರುತ್ತವೆ. ತಂತಿಯ ಜಾಗಕ್ಕೂ ಚಿಪ್ಪಿನ ಜಾಗಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ಮೇಲಂಚಿನ ಗೆರೆ ಕಲಸಿಹೋಗಿ ಬೆಳಕು ಮೇಲೇಳುತ್ತದೆ. ರಸ್ತೆ ಬೆಳ್ಳಗೆ ಹೊಳೆಯುವುದರಿಂದ ಕಾರಿನ ಮಾಲೀಕರು ಹಿಗ್ಗುತ್ತಾರೆ, ಎದುರಿನಿಂದ ಬರುವ ಬೈಕಿನವರು ಶಪಿಸುತ್ತಾರೆ. ಇನ್ನು ಡಬ್ಬಿಯ ಮೇಲೆ ‘200 ವಾಟ್’ ಎಂದು ಬರೆದಿರುವ ಬಲ್ಬು. 12 ವೋಲ್ಟಿನಲ್ಲಿ 200 ವಾಟ್ ಎಂದರೆ 16 ಆಂಪಿಯರಿಗೂ ಹೆಚ್ಚು. ಅಷ್ಟು ಎಳೆದಿದ್ದರೆ ಕಾರಿನ 10 ಅಥವಾ 15 ಆಂಪಿಯರಿನ ಫ್ಯೂಸು ಹಚ್ಚಿದ ಕೂಡಲೇ ಹೋಗಬೇಕಿತ್ತು. ಹೋಗಲಿಲ್ಲವೆಂದರೆ ಡಬ್ಬಿ ಸುಳ್ಳು ಹೇಳುತ್ತಿದೆ.

ಎತ್ತರ, ಅಂತರಗಳಿಗೆ ನಿಯಮವೇ ಒಳ್ಳೆಯ ಮಾರ್ಗದರ್ಶಿ. ವಿಶ್ವಸಂಸ್ಥೆಯ ವಾಹನ ನಿಯಮ 48 ಕಾರುಗಳ ಮುಂಬದಿಯ ಫಾಗ್ ಲೈಟು ನೆಲದಿಂದ 250 ಮಿಲಿಮೀಟರಿಗಿಂತ ಕೆಳಗೆ, 800 ಮಿಲಿಮೀಟರಿಗಿಂತ ಮೇಲೆ ಇರಬಾರದೆನ್ನುತ್ತದೆ. ಕಾರಿನ ಹೊರ ಅಂಚಿನಿಂದ 400 ಮಿಲಿಮೀಟರಿನೊಳಗೆ ಎರಡು ಬದಿಗೂ ಒಂದೊಂದು. ಭಾರತದಲ್ಲಿ ದೀಪ ಜೋಡಣೆಯ ಮಾನದಂಡ ಎಐಎಸ್-008. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮ ಮುಂಬದಿಯ ದೀಪ ಕೆಳಮುಖವಾಗಿಯೇ ಇರಬೇಕೆಂದು ಹೇಳಿ ಅಳತೆಯನ್ನೂ ಕೊಟ್ಟಿದೆ: ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕೋರೈಸಬಾರದು. 111ನೇ ನಿಯಮ ಅನುಮತಿಯಿಲ್ಲದ ಸ್ಪಾಟ್ ಲೈಟು, ಸರ್ಚ್ ಲೈಟುಗಳನ್ನು ನಿಷೇಧಿಸುತ್ತದೆ. ಹಿಂದೆ ಜೀಪು, ಎಸ್‌ಯುವಿಗಳ ಮುಂದೆ ಕಬ್ಬಿಣದ ಬುಲ್ ಬಾರ್ ಕಟ್ಟಿ ಅದಕ್ಕೆ ದೊಡ್ಡ ದೀಪ ಬಿಗಿಯುವ ಷೋಕಿ ಇತ್ತು. ಬುಲ್ ಬಾರುಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ತಿಳಿಸಿದ ಮೇಲೆ ಆ ದಾರಿಯೂ ಮುಚ್ಚಿತು. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಿಂದ ರಾಜ್ಯದಾದ್ಯಂತ ಪ್ರಕರಣ ದಾಖಲಿಸುವ ಕಾರ್ಯಾಚರಣೆಗೆ ಇಳಿದರು. ಅದೇ ಕಾಯ್ದೆಯ 177ನೇ ಸೆಕ್ಷನ್ನಿನಡಿ ಮೊದಲ ಬಾರಿಗೆ 500 ರೂಪಾಯಿ ದಂಡ. ಪೆಟ್ಟು ಸಣ್ಣದು, ಆದರೆ ನಡುರಸ್ತೆಯಲ್ಲಿ ನಿಲ್ಲಿಸಿಕೊಳ್ಳುವ ಕಿರಿಕಿರಿ ದೊಡ್ಡದು.

ಕೆಳದರ್ಜೆಯ ಮಾದರಿಯ ಕಾರು ಕೊಂಡವರಿಗೆ ಬಂಪರಿನಲ್ಲಿ ಫಾಗ್ ಲೈಟಿನ ಜಾಗಕ್ಕೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿರುತ್ತದೆ. ಅದೇ ಕಾರಿನ ಮೇಲ್ದರ್ಜೆಗೆಂದು ಮಾಡಿದ ದೀಪ ಹಲವು ಬಾರಿ ಶೋರೂಮಿನ ಆಕ್ಸೆಸರಿ ವಿಭಾಗದಲ್ಲಿ ಕಿಟ್ ಆಗಿ ದೊರೆಯುತ್ತದೆ: ದೀಪ, ಅಂಚುಪಟ್ಟಿ, ವೈರಿಂಗ್, ರಿಲೇ, ಸ್ವಿಚ್ಚು. ಬೆಲೆ ಹೊರಗಿನದಕ್ಕಿಂತ ಜಾಸ್ತಿಯೇ. ಆದರೂ ಆಯ್ಕೆ ಇದ್ದರೆ ಇದೇ ಮೇಲು, ಏಕೆಂದರೆ ಬಂಪರಿನ ಗುಂಡಿಗೆ ಅದು ಅಲುಗಾಡದೆ ಕೂರುತ್ತದೆ, ಬೆಳಕಿನ ಕೋನ ಆ ಕಾರಿಗೆಂದೇ ಲೆಕ್ಕಹಾಕಿದ್ದಾಗಿರುತ್ತದೆ. ಹೊರಗೆ ಹಾಕಿಸುವುದಾದರೆ ವೈರಿಂಗಿನ ಬಗ್ಗೆ ಜಗಳಗಂಟರಾಗುವುದೇ ಒಳ್ಳೆಯದು. 55 ವಾಟಿನ ಎರಡು ಬಲ್ಬು ಸೇರಿ ಒಂಬತ್ತು ಆಂಪಿಯರಿಗೂ ಹೆಚ್ಚು ಎಳೆಯುತ್ತವೆ. ಇಷ್ಟನ್ನು ಡ್ಯಾಶ್‌ಬೋರ್ಡಿನ ಪುಟ್ಟ ಸ್ವಿಚ್ಚಿನ ಮೂಲಕ ಹಾಯಿಸಿದರೆ ಸ್ವಿಚ್ಚು ಕರಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರು, ಬ್ಯಾಟರಿಯ ಹತ್ತಿರವೇ ಫ್ಯೂಸು, ನಡುವೆ ರಿಲೇ, ಸ್ವಿಚ್ಚಿಗೆ ಬರೀ ರಿಲೇ ಎಬ್ಬಿಸುವ ಸಣ್ಣ ಕರೆಂಟು, ಇದಿಷ್ಟು ಇರಲೇಬೇಕು. ಇಂದಿನ ಕಾರುಗಳಲ್ಲಿ ದೀಪಗಳ ಮೇಲೆ ಒಂದು ಕಂಪ್ಯೂಟರ್ ನಿಗಾ ಇಟ್ಟಿರುತ್ತದೆ. ಹೆಡ್‌ಲೈಟಿನ ವೈರು ಕತ್ತರಿಸಿ, ತಿರುಚಿ, ಕಪ್ಪು ಟೇಪು ಸುತ್ತುವ ಕೆಲಸಕ್ಕೆ ಒಪ್ಪಿದರೆ ಅದು ಎಚ್ಚರಿಕೆಯ ದೀಪ ಹೊತ್ತಿಸುತ್ತದೆ, ವಾರಂಟಿಯ ಮಾತು ಬಂದಾಗ ಸರ್ವಿಸ್ ಸೆಂಟರಿನವರು ಆ ಟೇಪನ್ನೇ ತೋರಿಸುತ್ತಾರೆ. ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳು ವಿಮೆಯಲ್ಲಿ ತಾನಾಗಿ ಸೇರುವುದಿಲ್ಲ. ಬೆಲೆ ಘೋಷಿಸಿ ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಬೇಕು.

ಮಳೆ ಬಂದರೆ ಮೊಣಕಾಲುದ್ದ ನೀರು ನಿಲ್ಲುವ ಅಂಡರ್‌ಪಾಸುಗಳ ಊರಿದು. ಬಂಪರಿನ ಕೆಳಗಿರುವ ದೀಪ ಆ ನೀರಿನಲ್ಲಿ ಮೊದಲು ಮುಳುಗುತ್ತದೆ. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವ ಗುಣಮಟ್ಟ, ಅಷ್ಟಾದರೂ ಇರಲಿ. ಹೊತ್ತಿ ಕಾದ ಹ್ಯಾಲೋಜನ್ ದೀಪದ ಗಾಜು ತಣ್ಣೀರು ಎರಚಿದಾಗ ಬಿರುಕು ಬಿಡಬಹುದು. ನೀರು ನಿಂತ ರಸ್ತೆಗೆ ಇಳಿಯುವ ಮುನ್ನ ಅದನ್ನು ಆರಿಸುವುದು ವಾಸಿ.

ಕೂರಿಸಿದ ಮೇಲೆ ಕೋನ ಸರಿಮಾಡುವುದನ್ನು ಅಂಗಡಿಯವರು ಬಹುಪಾಲು ಮರೆಯುತ್ತಾರೆ. ಮಾಡುವ ವಿಧಾನ ಸುಲಭ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಾದರೂ ಆಯಿತು, ಪೀಣ್ಯದ ಶೆಡ್ಡಿನ ಹೊರಗೋಡೆಯಾದರೂ ಆಯಿತು, ಸಮತಟ್ಟಾದ ನೆಲ ಬೇಕು. ಟೈರುಗಳಲ್ಲಿ ಸರಿಯಾದ ಗಾಳಿ, ಚಾಲಕರ ಸೀಟಿನಲ್ಲಿ ಒಬ್ಬರು. ಗೋಡೆಯಿಂದ ಐದು ಮೀಟರ್ ಹಿಂದೆ ಕಾರು ನಿಲ್ಲಿಸಿ, ದೀಪದ ನಡುಮಧ್ಯ ನೆಲದಿಂದ ಎಷ್ಟೆತ್ತರವಿದೆ ಎಂದು ಅಳೆದು ಗೋಡೆಯ ಮೇಲೆ ಅದೇ ಎತ್ತರಕ್ಕೆ ಗುರುತು ಹಾಕಬೇಕು. ಬೆಳಕಿನ ಮೇಲಂಚು ಆ ಗುರುತಿಗಿಂತ ಏಳೆಂಟು ಸೆಂಟಿಮೀಟರ್ ಕೆಳಗಿದ್ದರೆ ಸರಿ. ಐದು ಮೀಟರಿಗೆ ಏಳೂವರೆ ಸೆಂಟಿಮೀಟರ್ ಇಳಿಯುವ ಗೆರೆ, 40 ಸೆಂಟಿಮೀಟರ್ ಎತ್ತರದ ದೀಪದಿಂದ ಹೊರಟು, ಸುಮಾರು 27 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ.

ಈ 27 ಮೀಟರ್ ಎಂಬ ಸಂಖ್ಯೆ ಎಷ್ಟು ವೇಗ ಸಲ್ಲುತ್ತದೆ ಎಂಬುದನ್ನೂ ಹೇಳುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎದುರಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ ಕಾರು ಸುಮಾರು 17 ಮೀಟರ್ ಸಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ 12 ಮೀಟರ್ ಬೇಕು. ಒಟ್ಟು 29 ಮೀಟರ್. 60 ಕಿಲೋಮೀಟರಿನಲ್ಲಿ ಇದು 53 ಮೀಟರ್ ಆಗುತ್ತದೆ. ಎಷ್ಟೇ ದುಬಾರಿ ಫಾಗ್ ಲೈಟು ಹಾಕಿಸಿದರೂ ಅದರ ಬೆಳಕನ್ನೇ ನೆಚ್ಚಿಕೊಂಡು ಓಡಿಸಬಹುದಾದ ವೇಗ 40ರೊಳಗೆ. 2010ರಲ್ಲಿ ತೆರೆದ ಹೊಸೂರು ರಸ್ತೆಯ ಹತ್ತು ಕಿಲೋಮೀಟರಿನ ಮೇಲ್ಸೇತುವೆಯಂಥ, ತಡೆಯಿಲ್ಲದೆ ಓಡುವ ರಸ್ತೆಗಳಲ್ಲಿ ಈ ಲೆಕ್ಕ ಮರೆತುಹೋಗುತ್ತದೆ. ದೀಪ ಚೆನ್ನಾಗಿದೆ ಎಂಬ ಧೈರ್ಯಕ್ಕೆ ವೇಗ ಏರಿಸುವವರಿಗೆ ದೀಪ ಇಲ್ಲದಿರುವುದೇ ಕ್ಷೇಮವೇನೋ.

ಹಿಂಬದಿಯ ಫಾಗ್ ಲೈಟಿನ ಬಗ್ಗೆ ಕೊಳ್ಳುವವರು ಕೇಳುವುದು ಅಪರೂಪ, ಆದರೆ ಹೆದ್ದಾರಿಯ ಮಂಜಿನಲ್ಲಿ ಪ್ರಾಣ ಉಳಿಸುವ ಸಾಧ್ಯತೆ ಅದಕ್ಕೇ ಹೆಚ್ಚು. ಸಾಧಾರಣ ಟೇಲ್ ಲ್ಯಾಂಪಿನ ಕನಿಷ್ಠ ಪ್ರಖರತೆ 4 ಕ್ಯಾಂಡೆಲಾ ಇದ್ದರೆ ಸಾಕೆಂಬುದು ಅಂತರರಾಷ್ಟ್ರೀಯ ನಿಯಮ. ಹಿಂಬದಿಯ ಫಾಗ್ ಲೈಟಿಗೆ 150. ಹಿಂದಿನಿಂದ ಬರುವ ಲಾರಿಗೆ ಮಂಜಿನೊಳಗಿನ ಕಾರನ್ನು ಮೊದಲು ತೋರಿಸುವುದು ಈ ಕೆಂಪು ದೀಪ. ಒಂದೇ ಇದ್ದರೆ ನಮ್ಮಲ್ಲಿ ಅದು ಬಲಬದಿಗೋ ನಡುವಿಗೋ ಇರಬೇಕು, ಬ್ರೇಕ್ ಲೈಟಿನಿಂದ 100 ಮಿಲಿಮೀಟರಿಗಿಂತ ಹೆಚ್ಚು ದೂರವಿರಬೇಕು, ಇಲ್ಲದಿದ್ದರೆ ಬ್ರೇಕ್ ಹಾಕಿದ್ದು ಗೊತ್ತಾಗುವುದಿಲ್ಲ. ಹೊಸ ಕಾರು ಕೊಳ್ಳುವಾಗ ಎರಡು ಮಾದರಿಗಳ ನಡುವೆ ತೂಗುತ್ತಿರುವವರು ಇದು ಇರುವ ಕಾರಿನ ಕಡೆಗೆ ವಾಲಬಹುದು. ಮಂಜು ತಿಳಿಯಾದ ಕೂಡಲೇ ಆರಿಸಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನಗಳ ಸಾಲಿನಲ್ಲಿ ಇದನ್ನು ಹಚ್ಚಿಟ್ಟುಕೊಂಡರೆ ಹಿಂದಿನವರಿಗೆ ಹಿಂಸೆ. ಮುಂದಿನ ಫಾಗ್ ಲೈಟುಗಳನ್ನು ಡಿಮ್ ಹೆಡ್‌ಲೈಟಿನ ಜೊತೆಗೆ, ಕೆಲವೊಮ್ಮೆ ಅತಿ ದಟ್ಟ ಮಂಜಿನಲ್ಲಿ ಪಾರ್ಕಿಂಗ್ ಲೈಟಿನ ಜೊತೆಗಷ್ಟೇ ಹಚ್ಚುವುದುಂಟು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ರೂಢಿ ಬಿಡಬೇಕಾದದ್ದು, ಅದರಿಂದ ತಿರುಗುವ ಸೂಚನೆ ಕೊಡಲು ದಾರಿಯೇ ಉಳಿಯುವುದಿಲ್ಲ. ಕೆಲವರು ಮಂಜು ಎಂದು ಬಗೆಯುವುದು ತಮ್ಮ ಗಾಜಿನ ಒಳಮೈಯ ಉಸಿರಿನ ಹಬೆಯನ್ನು. ಅದಕ್ಕೆ ಏಸಿ, ಡಿಫಾಗರ್ ಸಾಕು. ಯಾವ ದೀಪವೂ ಬೇಡ.

ಯಾರಿಗೆ ಎಂಥದ್ದು ಬೇಕು ಎಂಬುದು ಓಡಾಟದ ಮೇಲೆ ನಿಂತಿದೆ. ಮನೆಯಿಂದ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕಿಗೆ ಒಂಬತ್ತು ಗಂಟೆಗೆ ಹೊರಟು ಸಂಜೆ ಮರಳುವ ಕಾರಿಗೆ ಫಾಗ್ ಲೈಟು ಅಲಂಕಾರ ಮಾತ್ರ. ಆ ದುಡ್ಡಿಗೆ ಒಳ್ಳೆಯ ವೈಪರ್ ಬ್ಲೇಡು ತರಬಹುದು. ನಸುಕಿನಲ್ಲಿ ಆನೇಕಲ್, ಹೊಸಕೋಟೆ, ನೆಲಮಂಗಲದಿಂದ ಬರುವವರಿಗೆ, ರಾತ್ರಿಪಾಳಿಯ ಕ್ಯಾಬುಗಳಿಗೆ ಕಂಪನಿಯದೇ ಸಾಧಾರಣ ಹ್ಯಾಲೋಜನ್ ಜೋಡಿ, ಕೋನ ಸರಿಯಿದ್ದರೆ, ಸಾಲುತ್ತದೆ. ಹೆಚ್ಚು ಯೋಚಿಸಿ ಆರಿಸಬೇಕಾದವರು ಶುಕ್ರವಾರ ರಾತ್ರಿ ಮಲೆನಾಡಿನ, ಕರಾವಳಿಯ ಊರಿಗೆ ಹೊರಡುವವರು. ಬೆಂಗಳೂರಿನ ಕೆಎ 51, ಕೆಎ 53 ನೋಂದಣಿ ಫಲಕದ ಕಾರುಗಳು ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆಯ ಘಾಟಿಗಳಲ್ಲಿ ಸಾಲುಗಟ್ಟುವುದು ವಾರಾಂತ್ಯದ ಮಾಮೂಲು ನೋಟ. ಅಲ್ಲಿನ ಮಂಜು ಚಳಿಗಾಲದ್ದಲ್ಲ, ಜೂನಿನಿಂದ ಸೆಪ್ಟೆಂಬರಿನವರೆಗೆ ಗುಡ್ಡಕ್ಕೆ ತಾಗಿ ನಿಲ್ಲುವ ಮುಂಗಾರಿನ ಮೋಡವೇ ರಸ್ತೆಗೆ ಇಳಿದದ್ದು. ಜೊತೆಗೆ ಮಳೆ, ಹಿಮ್ಮುರಿ ತಿರುವು, ಒಂದು ಬದಿಗೆ ಕಣಿವೆ. ಅಲ್ಲಿ ಬೆಳಕಿನ ಅಗಲವೇ ಮುಖ್ಯ, ಏಕೆಂದರೆ ಹೆಡ್‌ಲೈಟು ನೇರಕ್ಕೆ ನೋಡುವಾಗ ರಸ್ತೆ ಪಕ್ಕಕ್ಕೆ ತಿರುಗಿರುತ್ತದೆ. ಅಂಥವರು ಸ್ವಚ್ಛ ಕಟ್-ಆಫ್ ಇರುವ, 3000 ಕೆಲ್ವಿನ್ನಿನ ಆಸುಪಾಸಿನ ಹಳದಿ ಎಲ್‌ಇಡಿ ಜೋಡಿಗೆ ಖರ್ಚು ಮಾಡಿದರೆ ದಂಡವಲ್ಲ.

ಉಳಿದದ್ದು ಆರೈಕೆ. ಜಿಗಣಿಯ ಗ್ರಾನೈಟ್ ಘಟಕಗಳ ನುಣ್ಣನೆಯ ದೂಳು, ಪೀಣ್ಯದ ಒಳರಸ್ತೆಗಳ ಕೆಸರು ಬಂಪರಿನ ಮಟ್ಟದಲ್ಲೇ ಹಾರುತ್ತವೆ. ಪಾಲಿಕಾರ್ಬನೇಟ್ ಗಾಜನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ, ನೀರು ಹಾಕಿಯೇ ತೊಳೆಯಬೇಕು. ನಿಜವಾದ ಗಾಜಿನ ಮುಖವಿರುವ ದೀಪ ಗೀರಿಗೆ ಅಂಜದು, ಲಾರಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲಿಗೆ ಅಂಜುತ್ತದೆ. ಒಳಗೆ ಹಬೆ ಕಟ್ಟಿ, ದೀಪ ಹಚ್ಚಿ ಹತ್ತು ನಿಮಿಷವಾದರೂ ಆರದಿದ್ದರೆ ಸೀಲು ಹೋಗಿದೆ ಎಂದರ್ಥ. ಒಂದು ಬದಿಯ ಬಲ್ಬು ಹೋದಾಗ ಎರಡನ್ನೂ ಬದಲಿಸಿದರೆ ಬಣ್ಣ, ಪ್ರಖರತೆ ಸಮನಾಗಿರುತ್ತದೆ. ಬಂಪರು ಎಲ್ಲಿಯಾದರೂ ತಗುಲಿ ಬಿಚ್ಚಿ ಕೂರಿಸಿದ್ದರೆ ಗೋಡೆಯ ಮುಂದೆ ಇನ್ನೊಮ್ಮೆ ಕೋನ ನೋಡಬೇಕು.